ಫೆಯ್ತೀಸು: ಮಾಡಿದ್ದು, ಮಾಡಿಸಿದ್ದು, ಮಾಟ

ಫೆಟಿಶ್ ಅಂದ ತಕ್ಷಣ ಇವತ್ತು ಹೆಚ್ಚಿನವರ ತಲೇಲಿ ಬರೋದು ಒಂದೇ ವಿಷ್ಯ, ಅದನ್ನ ಇಲ್ಲಿ ಬಿಡಿಸಿ ಹೇಳೋ ಅಗತ್ಯ ಇಲ್ಲ. ಸ್ವಲ್ಪ ಮಾರ್ಕ್ಸ್ ಓದಿರೋರಿಗೆ ಸರಕು, ಮಾರ್ಕೆಟ್ಟು ನೆನಪಾಗುತ್ತೆ. ಫಾರಿನ್ ಮ್ಯೂಸಿಯಂ ಸುತ್ತಿರೋರಿಗೆ ಮೈತುಂಬ ಮೊಳೆ ಹೊಡೆಸ್ಕೊಂಡು ಕಣ್ಣು ಬಿಟ್ಕೊಂಡು ನಿಂತಿರೋ ಆಫ್ರಿಕಾದ ಮರದ ಗೊಂಬೆ. ಈ ಮೂರಕ್ಕೂ ಒಂದೇ ಹೆಸರು ಹೆಂಗೆ ಬಂತು ಅಂತ ಹಿಂದೆ ಹಿಂದೆ ಹೋದ್ರೆ ನಾವು ಹೋಗಿ ನಿಲ್ಲೋದು ಪೋರ್ಚುಗಲ್ಲು, ಮತ್ತೆ ಅದ್ರ ತಲೆ ಮೇಲೆ ಸ್ಪೇನಿನ ವಾಯವ್ಯ ಮೂಲೇಲಿರೋ ಗಲೀಸಿಯಾ ಅನ್ನೋ ಮಳೆನಾಡು. ಅಲ್ಲಿನ ಹಳ್ಳಿ ಜನ ಬಳಸ್ತಿದ್ದ ಒಂದು ಸಾದಾ ಪದ ಇದು: ಪೋರ್ಚುಗೀಸಲ್ಲಿ ಫೆಯ್ತೀಸು, ಗಲೀಷಿಯನ್‌ನಲ್ಲಿ ಫೆಯ್ತೀಥೊ. ಅರ್ಥ? ಮಾಟ. ಅಷ್ಟೇ.

"ಮಾಟ" ಅಂತ ಸುಮ್ನೆ ಒಂದು ಹತ್ತಿರದ ಪದ ಹಾಕಿದ್ದಲ್ಲ, ಹುಟ್ಟಿನಲ್ಲೂ ಅದೇ. ಲ್ಯಾಟಿನ್‌ನಲ್ಲಿ ಫಾಕೆರೆ ಅಂದ್ರೆ ಮಾಡು, ಫಾಕ್ಟುಮ್ ಅಂದ್ರೆ ಮಾಡಿದ್ದು, ಅದ್ರಿಂದ ಫಾಕ್ಟೀಕಿಯುಸ್ ಅನ್ನೋ ವಿಶೇಷಣ, ಅಂದ್ರೆ ತಾನಾಗಿ ಆಗಿದ್ದಲ್ಲ, ಕೈಯಿಂದ ಮಾಡಿದ್ದು. ರೋಮಿನ ಲೇಖಕ ಪ್ಲಿನಿಯಂಥವರು ಈ ಪದಾನ ಪ್ರಕೃತೀಲಿ ಸಿಗೋ ವಸ್ತುವಿಗೂ ಮನುಷ್ಯ ತಯಾರು ಮಾಡಿದ ವಸ್ತುವಿಗೂ ವ್ಯತ್ಯಾಸ ತೋರ್ಸೋಕೆ ಬಳಸ್ತಿದ್ರು. ಅದ್ರಲ್ಲಿ ದೇವರು ದಿಂಡರು ಏನೂ ಇರ್ಲಿಲ್ಲ, ಒಂದು ಥರ ಗೋಡೌನ್ ರಿಜಿಸ್ಟರಲ್ಲಿ ಬರ್ಯೋ ಪದ.

ಈ ಫಾಕ್ಟೀಕಿಯುಸ್ ಫೆಯ್ತೀಸು ಆಗಿದ್ದು ಕಾಗುಣಿತದ ಮಾಯೆ ಏನಲ್ಲ, ಪೂರ್ತಿ ನಿಯಮಬದ್ಧ ಬದಲಾವಣೆ. ಲ್ಯಾಟಿನ್ ಪದದ ಮಧ್ಯೆ "ಕ್ಟ್" ಇದ್ರೆ ಪೋರ್ಚುಗೀಸು, ಗಲೀಷಿಯನ್ ಎರಡ್ರಲ್ಲೂ ಅದು "ಯ್ತ್" ಆಗುತ್ತೆ, ಸ್ಪ್ಯಾನಿಷಲ್ಲಿ "ಚ" ಆಗುತ್ತೆ. ರಾತ್ರಿಗೆ ಲ್ಯಾಟಿನ್‌ನಲ್ಲಿ ನೋಕ್ಟೆಮ್, ಪೋರ್ಚುಗೀಸಲ್ಲಿ ನೊಯ್ತ್, ಸ್ಪ್ಯಾನಿಷಲ್ಲಿ ನೋಚೆ. ಹಾಲಿಗೆ ಲಾಕ್ಟೆಮ್, ಲೆಯ್ತ್, ಲೇಚೆ. ಮೇಲಿಂದ ಸ್ಪ್ಯಾನಿಷಿಗೆ ಪದದ ಶುರುವಲ್ಲಿರೋ ಫ-ಕಾರ ಬೇಡ, ಅದು ಹ ಆಗಿ ಆಮೇಲೆ ಬಾಯಲ್ಲೇ ಕರಗಿ ಹೋಯ್ತು (ನಮ್ಮ ಪಾಲು ಹಾಲಾಗಿ ಕೆಲವರ ಬಾಯಲ್ಲಿ ಆಲಾದ ಹಾಗೇನೇ). ಹಂಗಾಗಿ ಅದೇ ಪದ ಸ್ಪ್ಯಾನಿಷಲ್ಲಿ ಎಚೀಥೊ. ಗಲೀಸಿಯಾ ಇವತ್ತು ಸ್ಪೇನ್ ದೇಶದೊಳಗೆ ಇದ್ರೂ ಅಲ್ಲಿನ ಮಾತು ಪೋರ್ಚುಗೀಸಿನ ಒಡಹುಟ್ಟು, ಮಧ್ಯಯುಗದಲ್ಲಿ ಎರಡೂ ಒಂದೇ ಭಾಷೆ, ಅಂತ ಹೇಳೋಕೆ ಈ ಒಂದು ಪದಾನೇ ಸಾಕು.

ಸ್ಪ್ಯಾನಿಷ್ ರೂಪದ ಬಗ್ಗೆ ಒಂದು ಮಜಾ ಇದೆ. ಎಚೀಥೊ ಅಂದ್ರೆ ಅಲ್ಲೂ ಮಾಟಾನೇ, ಆದ್ರೆ ಚಿಲಿ, ಕೊಲಂಬಿಯಾ, ಮೆಕ್ಸಿಕೊ ಕಡೆ ಪೊಲೀಸ್ ಸುದ್ದಿ ನೋಡಿದ್ರೆ "ಆರ್ಮಾ ಎಚೀಸಾ" ಸಿಕ್ತು ಅಂತ ಬರ್ತಿರುತ್ತೆ. ಮಂತ್ರಿಸಿದ ಆಯುಧ ಅಲ್ಲ ಮಾರಾಯ್ರೆ, ಕಂಪನಿ ಮಾಲಲ್ಲದ, ಮನೇಲೆ ಪೈಪು ಜೋಡ್ಸಿ ಮಾಡ್ಕೊಂಡ ಬಂದೂಕು, ನಮ್ಮ ನಾಡಬಂದೂಕು ಇದ್ದ ಹಂಗೆ. ಎರಡು ಸಾವಿರ ವರ್ಷದ ಹಿಂದಿನ ಲ್ಯಾಟಿನ್ ಅರ್ಥ ಅಲ್ಲಿ ಇನ್ನೂ ಜೀವಂತ.

ಸರಿ, "ಕೈಯಲ್ಲಿ ಮಾಡಿದ್ದು" ಹೋಗಿ "ಮಾಟ" ಆಗಿದ್ದು ಹೆಂಗೆ? ಯೂರೋಪಿನ ಓದುಗರಿಗೆ ಇದನ್ನ ವಿವರಿಸೋಕೆ ಪಂಡಿತರು ಪುಟಗಟ್ಲೆ ಬರೀತಾರೆ, ಕನ್ನಡದವರಿಗೆ ಒಂದು ಸಾಲು ಸಾಕು. ನಾವೂ ಮಾಡು ಅನ್ನೋದ್ರಿಂದಲೇ ಮಾಟ ಮಾಡ್ಕೊಂಡಿದೀವಿ. ಮನೇಲಿ ದನ ಸತ್ತು, ಮದುವೆ ಮುರಿದು, ಅಂಗಡಿ ವ್ಯಾಪಾರ ಬಿದ್ದು ಎಲ್ಲಾ ಒಟ್ಟಿಗೆ ಆದಾಗ ಅಜ್ಜಿ ಏನಂತಾರೆ? "ಯಾರೋ ಮಾಡ್ಸಿದಾರೆ." ಏನು ಮಾಡ್ಸಿದಾರೆ ಅಂತ ಯಾರೂ ಕೇಳಲ್ಲ. ಬ್ರೆಜಿಲ್‌ನಲ್ಲಿ ಇದೇ ಸನ್ನಿವೇಶಕ್ಕೆ "ಕೊಯ್ಸಾ ಫೆಯ್ತಾ" ಅಂತಾರೆ, ಅಕ್ಷರಶಃ "ಮಾಡಿದ ವಸ್ತು". ತಾನಾಗಿ ಬಂದ ಕಷ್ಟ ಅಲ್ಲ, ಹಿಂದೆ ಯಾರದ್ದೋ ಕೈ ಇದೆ ಅನ್ನೋದು ಅಲ್ಲಿನ ಮುಖ್ಯ ಗುಮಾನಿ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ನೋಡಿ. ಕನ್ನಡದ ಮಾಟಕ್ಕೆ ಇನ್ನೊಂದು ಮುಖ ಇದೆಯಲ್ಲ, ಮೈಮಾಟ, ಮಾಟವಾದ ಮೂಗು, ಅಂದ್ರೆ ಚಂದದ ಆಕಾರ. ಪೋರ್ಚುಗೀಸಲ್ಲೂ ಫೆಯ್ತು ಅಂದ್ರೆ ಮಾಡಿದ್ದು, ಅದೇ ಸಂಸಾರದ ಫೆಯ್ತೀಯು ಅಂದ್ರೆ ಆಕಾರ, ಬಟ್ಟೆಯ ಹೊಲಿಗೆ ಕಟ್ಟು, ಮನುಷ್ಯನ ಜಾಯಮಾನ. "ಅದು ನನ್ನ ಫೆಯ್ತೀಯು ಅಲ್ಲ" ಅಂದ್ರೆ ಅದು ನನ್ನ ಸ್ವಭಾವ ಅಲ್ಲ ಅಂತ. ಸಂಸ್ಕೃತದಲ್ಲೂ ಅಷ್ಟೇ, ಕೃ ಧಾತುವಿಂದ ಕೃತ್ರಿಮ, ಅದರಿಂದಲೇ ಕೃತ್ಯೆ, ಅಂದ್ರೆ ಶತ್ರು ಮೇಲೆ ಛೂ ಬಿಡೋಕೆ ಮಂತ್ರದಿಂದ ಹುಟ್ಟಿಸಿದ ಶಕ್ತಿ. ಅಥರ್ವವೇದದಲ್ಲಿ ಕೃತ್ಯೆಯನ್ನ ಮಾಡಿದವನ ಹತ್ರಾನೇ ವಾಪಸ್ ಕಳಿಸೋ ಸೂಕ್ತಗಳಿವೆ, ಭಾಗವತದಲ್ಲಿ ಕಾಶಿಯ ಸುದಕ್ಷಿಣ ಕೃಷ್ಣನ ಮೇಲೆ ಪ್ರಯೋಗ ಮಾಡ್ಸಿ ಕೊನೆಗೆ ಅದೇ ತಿರುಗಿ ಬಂದು ತಾನೇ ಸುಟ್ಟು ಹೋಗ್ತಾನೆ. ಪೋರ್ಚುಗೀಸಿನ ದಿನನಿತ್ಯದ ಗಾದೆ ಏನು ಗೊತ್ತಾ, "ಫೆಯ್ತೀಸು ತಿರುಗಿ ಫೆಯ್ತಿಸೆಯ್ರುಗೇ ಬಡೀತು", ಮಾಟ ಮಾಟಗಾರನಿಗೇ ಬಡೀತು ಅಂತ. ಇದು ಒಬ್ಬರಿಂದ ಒಬ್ಬರು ಕದ್ದಿದ್ದಲ್ಲ, ಲ್ಯಾಟಿನ್‌ಗೂ ದ್ರಾವಿಡಕ್ಕೂ ಈ ಪದದಲ್ಲಿ ಯಾವ ರಕ್ತಸಂಬಂಧಾನೂ ಇಲ್ಲ, ಎಲ್ಲರೂ ಬೇರೆ ಬೇರೆ ದಾರೀಲಿ ಬಂದು ಒಂದೇ ಕಡೆ ಸೇರಿದಾರೆ. ಪೋರ್ಚುಗೀಸರು ನಮ್ಮ ಕರಾವಳಿಗೂ ಬಂದಿದ್ರು, ಪಾದ್ರಿ, ಇಗರ್ಜಿ, ಚಾವಿ, ಪಗಾರ ಎಲ್ಲ ಕೊಟ್ಟು ಹೋದ್ರು, ಆದ್ರೆ ಫೆಯ್ತೀಸು ಕನ್ನಡದಲ್ಲಿ ಬೇರು ಬಿಡ್ಲಿಲ್ಲ. ಬಿಡೋಕೆ ಜಾಗ ಎಲ್ಲಿತ್ತು, ಆ ಸೀಟಲ್ಲಿ ಮೊದ್ಲೇ ಮಾಟ ಕೂತಿತ್ತಲ್ಲ.

ಈಗ ಅವ್ರ ಊರಿಗೆ ಹೋಗೋಣ. 1385ರಲ್ಲಿ, ರಾಜ ಒಂದನೇ ಜುವಾಂವ್ ಪಟ್ಟಕ್ಕೆ ಬಂದ ವರ್ಷವೇ, ಲಿಸ್ಬನ್‌ನಲ್ಲಿ ಒಂದು ಕಟ್ಟಳೆ ಆಗುತ್ತೆ: ಯಾರೂ ಫೆಯ್ತೀಸು ಮಾಡಂಗಿಲ್ಲ, ಕಟ್ಟು ಹಾಕಂಗಿಲ್ಲ, ದೆವ್ವಗಳನ್ನ ಕರೆಯಂಗಿಲ್ಲ ಅಂತ. ಕಾನೂನು ತರ್ಬೇಕು ಅಂದ್ರೆ ಅದು ಊರಲ್ಲಿ ಎಷ್ಟು ಮಟ್ಟಿಗೆ ನಡೀತಿತ್ತು ಅಂತ ಲೆಕ್ಕ ಹಾಕ್ಕೊಳ್ಳಿ. ಈ ವರ್ಷ ನೆನಪಲ್ಲಿಟ್ಕೊಳ್ಳಿ, ಯಾಕಂದ್ರೆ ಪೋರ್ಚುಗೀಸರು ಆಫ್ರಿಕಾದ ಪಶ್ಚಿಮ ಕರಾವಳಿಯಲ್ಲಿ ಕಪ್ಪು ಜನರನ್ನ ಕಾಣೋದು ಇದಾಗಿ ಅರ್ಧ ಶತಮಾನಕ್ಕೂ ಹೆಚ್ಚು ಆದ್ಮೇಲೆ. ಮಾಟ ಅನ್ನೋದು ಅವರ ಮನೇದೇ ಸರಕು.

ಗಲೀಸಿಯಾದಲ್ಲಿ ಫೆಯ್ತೀಥೊ ಜೊತೆಗೆ ಇನ್ನೊಂದು ಪದ ಹೆಚ್ಚು ಓಡಾಡುತ್ತೆ: ಮೆಯ್ಗ, ಅಂದ್ರೆ ಮಾಟಗಾತಿ, ಮಾಜಿಕಾ ಅನ್ನೋ ಲ್ಯಾಟಿನ್ ಪದದ ಮಗಳು. ಅಲ್ಲಿನ ಅತೀ ಫೇಮಸ್ ಮಾತು, "ನಾನು ಮೆಯ್ಗಗಳನ್ನ ನಂಬಲ್ಲ, ಆದ್ರೆ ಇದಾರೆ ಅಂದ್ರೆ ಇದಾರೆ." ಗಡಿ ದಾಟಿ ಪೋರ್ಚುಗಲ್‌ಗೆ ಬಂದ್ರೆ ಅದೇ ಮೆಯ್ಗ ಅನ್ನೋದು ಮೃದು ಸ್ವಭಾವದ, ಮುದ್ದಾದ ಹುಡುಗಿಗೆ ಹೇಳೋ ಮೆಚ್ಚುಗೆ! ಒಂದು ನದಿಯ ಆ ದಡದಲ್ಲಿ ಬೈಗುಳ, ಈ ದಡದಲ್ಲಿ ಮುದ್ದು. ಮೆಯ್ಗ ಹಾಕಿದ ತೊಂದರೆಗೆ ಮೆಯ್ಗಾಲ್ಯೊ ಅಂತ ಹೆಸರು, ಅದನ್ನ ಬಿಡಿಸ್ಕೊಳ್ಳೋಕೆ ಲಾಲಿನ್ ಹತ್ರ ಇರೋ ಓ ಕೊರ್ಪಿನ್ಯೊ ಅನ್ನೋ ಚರ್ಚಿಗೆ ಜೂನ್ 23, 24ರ ಹಬ್ಬದಲ್ಲಿ ಜನ ಹೋಗೋ ರೂಢಿ ಇದೆ.

ಇದೆಲ್ಲ ತಮಾಷೆ ಥರ ಕಾಣುತ್ತೆ, ಆದ್ರೆ ಎಲ್ಲ ಕಾಲದಲ್ಲೂ ತಮಾಷೆ ಆಗಿರ್ಲಿಲ್ಲ. ಕಾಂಗಾಸ್ ಅನ್ನೋ ಮೀನುಗಾರರ ಊರಿನ ಮೇಲೆ 1617ರಲ್ಲಿ ಉತ್ತರ ಆಫ್ರಿಕಾ ಕಡೆಯ ಕಡಲ್ಗಳ್ಳರು ದಾಳಿ ಮಾಡಿ ಊರೇ ಹಾಳಾಗುತ್ತೆ. ಅಲ್ಲಿನ ಮರಿಯಾ ಸೊಲಿನ್ಯಾ ಅನ್ನೋ ಹೆಂಗಸು ಗಂಡನ್ನ ಕಳ್ಕೊಳ್ತಾಳೆ. ಆಸ್ತಿ ಇತ್ತು, ಚರ್ಚಿನ ಆದಾಯದಲ್ಲಿ ಕುಟುಂಬಕ್ಕೆ ಹಕ್ಕೂ ಇತ್ತು. ಒಂದು ನಾಕು ವರ್ಷದಲ್ಲೇ ಇವಳು ಮೆಯ್ಗ ಅಂತ ಇನ್ಕ್ವಿಸಿಷನ್ (ಧರ್ಮದ್ರೋಹ ವಿಚಾರಣೆ ಮಾಡೋ ಚರ್ಚಿನ ಕೋರ್ಟು) ಹಿಡ್ಕೊಂಡು ಹೋಗುತ್ತೆ, ಆಸ್ತಿ ಹಕ್ಕು ಎಲ್ಲ ಕಿತ್ಕೊಳ್ಳುತ್ತೆ. ಒಂಟಿ ಹೆಂಗಸು, ಆಸ್ತಿ, ಮಾಟಗಾತಿ ಅನ್ನೋ ಆರೋಪ, ಈ ಮೂರೂ ಜೊತೆಗೆ ಬರೋದು ನಮ್ಮ ದೇಶದ ಪೇಪರಲ್ಲೂ ಇವತ್ತಿಗೂ ಓದ್ತೀವಿ.

ಇನ್ನು ಇವತ್ತಿನ ಗಲೀಸಿಯಾಗೆ ಟೂರಿಗೆ ಹೋದ್ರೆ ರಾತ್ರಿ ದೀಪ ಆರಿಸಿ ಮಣ್ಣಿನ ಬೋಗುಣಿಯಲ್ಲಿ ದ್ರಾಕ್ಷಿ ಸಿಪ್ಪೆಯಿಂದ ಇಳಿಸಿದ ಕಡಕ್ ಸಾರಾಯಿ, ಸಕ್ಕರೆ, ನಿಂಬೆ ಸಿಪ್ಪೆ, ಕಾಫಿ ಬೀಜ ಹಾಕಿ ಬೆಂಕಿ ಹಚ್ತಾರೆ, ನೀಲಿ ಜ್ವಾಲೆ ಏಳುತ್ತೆ, ಒಬ್ಬ ನಿಂತ್ಕೊಂಡು ಗೂಬೆ, ಕಪ್ಪೆ, ಮಾಟಗಾತಿ ಎಲ್ಲರನ್ನೂ ಕರೆಯೋ ಉದ್ದದ ಮಂತ್ರ ಓದ್ತಾನೆ. ಕೆಯ್ಮಾಡ ಅಂತ ಹೆಸರು. ನೋಡಿದವರಿಗೆ ಇದು ಕ್ರಿಸ್ತಪೂರ್ವದ ಕೆಲ್ಟ್ ಜನರ ಆಚರಣೆ ಅನ್ಸುತ್ತೆ, ಗೈಡುಗಳೂ ಹಂಗೇ ಹೇಳ್ತಾರೆ. ನಿಜ ಏನಂದ್ರೆ ಆ ಮಂತ್ರ ಬರೆದಿದ್ದು ಮರಿಯಾನೊ ಮಾರ್ಕೊಸ್ ಅಬಾಲೊ ಅನ್ನೋರು, 1967ರಲ್ಲಿ, ವಿಗೊ ನಗರದಲ್ಲಿ. ಆ ಬೋಗುಣಿಯ ಡಿಸೈನು 1955ರದ್ದು, ತಿತೊ ಫ್ರೆಯ್ರೆ ಅನ್ನೋ ಕಲಾವಿದರದ್ದು. ಫೋರ್ಜರಿ ಅಂತ ಬೈಯೋರು ಇದಾರೆ, ನನಗಂತೂ ಇದಕ್ಕಿಂತ ಪಕ್ಕಾ ಫೆಯ್ತೀಥೊ ಬೇರೆ ಸಿಗಲ್ಲ ಅನ್ಸುತ್ತೆ: ಮೂಲ ಅರ್ಥದಲ್ಲಿ ಕೈಯಾರೆ ಮಾಡಿದ್ದು, ಮತ್ತೆ ಕೆಲಸ ಮಾಡುತ್ತೆ, ಮೇಜಿನ ಸುತ್ತ ಕೂತವರು ನಿಜಕ್ಕೂ ಸೈಲೆಂಟ್ ಆಗ್ತಾರೆ.

ಈ ಪದ ಪ್ರಪಂಚ ಸುತ್ತೋಕೆ ಹೊರಟಿದ್ದು ಹಡಗಲ್ಲಿ. 1440ರ ದಶಕದಲ್ಲಿ ಪೋರ್ಚುಗೀಸರು ಸೆನೆಗಲ್ ದಾಟಿ ಕೆಳಗಿಳಿದ್ರು, 1482ರಲ್ಲಿ ಇವತ್ತಿನ ಘಾನಾದ ದಡದಲ್ಲಿ ಎಲ್ಮಿನಾ ಕೋಟೆ ಕಟ್ಟಿದ್ರು, ಬಂಗಾರಕ್ಕೋಸ್ಕರ. ಅಲ್ಲಿ ಜನ ಕೊರಳಲ್ಲಿ ಕಟ್ಕೊಂಡಿದ್ದ ಚರ್ಮದ ತಾಯತ, ಅದ್ರೊಳಗೆ ಕೆಲವೊಮ್ಮೆ ಕುರಾನಿನ ಸಾಲು, ಅಕಾನ್ ಜನರ ಸುಮಾನ್, ಕೆಳಗೆ ಕಾಂಗೋದಲ್ಲಿ ಎನ್ಕಿಸಿ ಅನ್ನೋ ಶಕ್ತಿ ತುಂಬಿದ ವಸ್ತುಗಳು, ಇವೆಲ್ಲ ಒಂದಕ್ಕೊಂದು ಸಂಬಂಧ ಇಲ್ಲದ ಬೇರೆ ಬೇರೆ ಭಾಷೆ, ಬೇರೆ ಬೇರೆ ಧರ್ಮದ ವಸ್ತುಗಳು. ನಾವಿಕರು ಎಲ್ಲಕ್ಕೂ ಒಂದೇ ಚೀಟಿ ಅಂಟಿಸಿದ್ರು: ಫೆಯ್ತೀಸು. ವ್ಯಾಪಾರದ ಕಲಬೆರಕೆ ಭಾಷೇಲಿ ಅದು ಫೆಟಿಸ್ಸೊ ಆಯ್ತು. ಕುತ್ತಿಗೇಲಿ ಸಂತರ ಪದಕ ಹಾಕ್ಕೊಂಡು ಬಿರುಗಾಳಿ ಬಂದಾಗ ಅದನ್ನ ಮುಟ್ಕೊಳ್ತಿದ್ದವರೇ ಹಿಂಗಂದಿದ್ದು, ಅದು ಬೇರೆ ವಿಷ್ಯ.

ಆಮೇಲೆ ಡಚ್ಚರು ಬಂದ್ರು, 1637ರಲ್ಲಿ ಎಲ್ಮಿನಾ ಕೋಟೇನೂ ಕಿತ್ಕೊಂಡ್ರು, ಪದಾನೂ ಎತ್ಕೊಂಡ್ರು. ಇವರಿಗೆ ಫೆಟಿಸ್ಸೊ ದೊಡ್ಡ ತಲೆನೋವು, ಧರ್ಮದ ಕಾರಣಕ್ಕಲ್ಲ, ದುಡ್ಡಿನ ಕಾರಣಕ್ಕೆ. ಒಪ್ಪಂದ ಅಂದ್ರೆ ಆ ದಡದಲ್ಲಿ ಫೆಟಿಸ್ಸೊ ಮುಂದೆ ಆಣೆ ಮಾಡಿ ಏನಾದ್ರೂ ಕುಡೀಬೇಕು ಇಲ್ಲ ತಿನ್ನಬೇಕು, ಅಗ್ರಿಮೆಂಟ್ ಪೇಪರ್ ಅಂತ ಇಲ್ಲದ ಕಡೆ ಅದೇ ಸ್ಟಾಂಪ್ ಪೇಪರು, ಬೈಕೊಂಡೇ ಇವ್ರೂ ಅದಕ್ಕೆ ಒಗ್ಗಿಕೊಂಡ್ರು. ಇನ್ನೊಂದು ತಕರಾರು, ಸಣ್ಣ ಸಣ್ಣ ಆಕಾರದಲ್ಲಿ ಎರಕ ಹೊಯ್ದ ಬಂಗಾರದ ಒಡವೆಗೂ ಅದೇ ಹೆಸರು ಇತ್ತು, ಅದರಲ್ಲಿ ಬೆಳ್ಳಿ, ತಾಮ್ರ ಬೆರೆಸಿರ್ತಿದ್ರು. ಹಿಂಗೆ ಕಲಬೆರಕೆ ಬಂಗಾರಕ್ಕೆ "ಫೆಟಿಸ್ಸೊ ಬಂಗಾರ" ಅಂತ ಹೆಸರು ಬಂತು, ಅಸಲಿ ಅಲ್ಲದ್ದು, ಯಾರೋ ಮಾಡಿದ್ದು ಅನ್ನೋ ಹಳೇ ಅರ್ಥ ಗೊತ್ತಿಲ್ದೇನೇ ವಾಪಸ್ ಬಂದು ಕೂತ್ಕೊಳ್ತು. ವಿಲ್ಲೆಮ್ ಬೋಸ್ಮನ್ ಅನ್ನೋ ಡಚ್ ಕಂಪನಿಯ ಆಸಾಮಿ 1704ರಲ್ಲಿ ಈ ಕರಾವಳಿ ಬಗ್ಗೆ ಪುಸ್ತಕ ಬರೆದ, ಅದ್ರಲ್ಲಿ ಒಂದು ಚುಚ್ಚು ಮಾತಿದೆ: ಇವರನ್ನ ಮತಾಂತರ ಮಾಡೋದಾದ್ರೆ ಕ್ಯಾಥೊಲಿಕ್ಕರೇ ನಮಗಿಂತ ಬೇಗ ಗೆಲ್ತಾರೆ, ಯಾಕಂದ್ರೆ ನಗು ಬರೋ ಆಚರಣೆಗಳು ಇಬ್ಬರದ್ದೂ ಮೊದ್ಲೇ ಮ್ಯಾಚ್ ಆಗ್ತವೆ ಅಂತ. ಪ್ರಾಟೆಸ್ಟೆಂಟ್ ಬಾಯಿ.

ಆ ಪುಸ್ತಕಗಳನ್ನ ಯೂರೋಪಲ್ಲಿ ಎಲ್ಲ ಓದಿದ್ರು, ಆಫ್ರಿಕಾಗೆ ಕಾಲಿಡದ ಫ್ರೆಂಚ್ ನ್ಯಾಯಾಧೀಶ ಶಾರ್ಲ್ ದ ಬ್ರೋಸ್ ಕೂಡ ಓದಿದ. 1760ರಲ್ಲಿ ಹೆಸರು ಹಾಕದೆ ಒಂದು ಪುಸ್ತಕ ತಂದ, ಅದ್ರಲ್ಲಿ ಫೆಟಿಶಿಸಂ ಅನ್ನೋ ಹೊಸ ಪದ ಟಂಕಿಸಿದ, ಆಫ್ರಿಕಾದವರೂ ಪ್ರಾಚೀನ ಈಜಿಪ್ಟಿನವರೂ ವಸ್ತು, ಪ್ರಾಣಿಗಳನ್ನ ನೇರವಾಗಿ ಪೂಜೆ ಮಾಡೋರು, ಮನುಷ್ಯರ ಧರ್ಮದ ಮೊದಲ ಮೆಟ್ಟಿಲೇ ಇದು ಅಂತ ಥಿಯರಿ ಕಟ್ಟಿದ. ಪದದ ಮೂಲ ಹೇಳೋ ಕಡೆ ಪೂರ್ತಿ ಎಡವಿದ: ವಿಧಿ ಅನ್ನೋ ಅರ್ಥದ ಫಾಟುಮ್, ಗುಡಿ ಅನ್ನೋ ಅರ್ಥದ ಫಾನುಮ್ ಇಂಥವಕ್ಕೆ ಗಂಟು ಹಾಕಿ, ಫೆಟಿಸ್ಸೊ ಅಂದ್ರೆ ದಿವ್ಯವಾದ, ಮೋಡಿಯ ವಸ್ತು ಅಂದ್ಬಿಟ್ಟ. "ಮಾಡಿದ್ದು" ಅನ್ನೋದು ಜಾರಿ ಹೋಯ್ತು. ಪೋರ್ಚುಗಲ್‌ನ ಯಾವ ನಾವಿಕನ್ನ ಕೇಳಿದ್ರೂ ಹೇಳ್ತಿದ್ದ.

1842ರಲ್ಲಿ ಇದ್ರ ಜರ್ಮನ್ ಅನುವಾದ ಓದಿ ನೋಟ್ಸ್ ಮಾಡ್ಕೊಂಡ ಇಪ್ಪತ್ನಾಕು ವರ್ಷದ ಒಬ್ಬ ಪತ್ರಕರ್ತ, ಹೆಸರು ಕಾರ್ಲ್ ಮಾರ್ಕ್ಸ್. ಅದರ ಹಿಂದಿನ ವರ್ಷ ರೈನ್ ಪ್ರಾಂತ್ಯದ ಶಾಸನಸಭೇಲಿ, ಬಡವರು ಕಾಡಲ್ಲಿ ಉದುರಿದ ಪುಳ್ಳೆ ಆರಿಸಿದ್ರೂ ಕಳ್ಳತನ ಅಂತ ಕಾನೂನು ತರೋ ಚರ್ಚೆ ನಡೆದಿತ್ತು. ಅದ್ರ ಬಗ್ಗೆ 1842ರಲ್ಲಿ ಮಾರ್ಕ್ಸ್ ಪೇಪರಲ್ಲಿ ಬರೀತಾನೆ: ಕ್ಯೂಬಾದ ಮೂಲನಿವಾಸಿಗಳು ಬಂಗಾರವೇ ಸ್ಪೇನಿನವರ ಫೆಟಿಶ್ ಅಂದ್ಕೊಂಡು, ಅದ್ರ ಸುತ್ತ ಹಬ್ಬ ಮಾಡಿ ಹಾಡಿ ಕೊನೆಗೆ ಸಮುದ್ರಕ್ಕೆ ಎಸೆದರಂತೆ, ಅವರು ಈ ಸಭೇಲಿ ಇದ್ದಿದ್ರೆ ಕಟ್ಟಿಗೇನ ರೈನ್‌ಲ್ಯಾಂಡಿನವರ ಫೆಟಿಶ್ ಅಂತ ತಿಳ್ಕೊಳ್ತಿರ್ಲಿಲ್ವಾ? ನಂಗೆ ಇದು 1867ರ ಕ್ಯಾಪಿಟಲ್‌ಗಿಂತ ಹೆಚ್ಚು ಇಷ್ಟ, ಯಾಕಂದ್ರೆ ಇಲ್ಲಿ ಬೈಗುಳ ತಿರುಗಿ ಮನೆಗೇ ಬರುತ್ತೆ. ಕ್ಯಾಪಿಟಲ್‌ನಲ್ಲಿ ಅದು ಥಿಯರಿ ಆಯ್ತು: ಮನುಷ್ಯರು ದುಡಿದು ಮಾಡಿದ ವಸ್ತು ಮಾರ್ಕೆಟ್ಟಿಗೆ ಬಂದ ಮೇಲೆ ಬೆಲೆ ಅನ್ನೋದು ಅದರೊಳಗೇ ಹುಟ್ಟಿನಿಂದ ಇತ್ತೇನೋ ಅನ್ನೋ ಹಾಗೆ ಕಾಣುತ್ತೆ, ಮಾಡಿದವರ ಕೈ ಮರೆಯಾಗುತ್ತೆ. ದ ಬ್ರೋಸ್ ಕಳೆದುಹಾಕಿದ್ದ "ಮಾಡಿದ್ದು" ಅನ್ನೋ ಅರ್ಥ ಹಿಂಬಾಗಿಲಿಂದ ಒಳಗೆ ಬಂತು ಅನ್ಬಹುದು.

ಮಿಕ್ಕಿದ್ದು ಬೇಗ ಮುಗಿಸ್ತೀನಿ. 1887ರಲ್ಲಿ ಫ್ರೆಂಚ್ ಮನಶ್ಶಾಸ್ತ್ರಜ್ಞ ಆಲ್ಫ್ರೆ ಬಿನೆ, ಬುದ್ಧಿಮತ್ತೆ ಟೆಸ್ಟ್ ಮಾಡಿದನಲ್ಲ ಅವನೇ, ಪ್ರೇಮದಲ್ಲಿ ವಸ್ತುವಿಗೆ ಅಂಟಿಕೊಳ್ಳೋದಕ್ಕೆ ಈ ಪದ ಎಳ್ಕೊಂಡು ಬಂದ. 1927ರಲ್ಲಿ ಫ್ರಾಯ್ಡ್ ಒಂದು ಪುಟ್ಟ ಪ್ರಬಂಧ ಬರೆದ, ಅದ್ರಲ್ಲಿ ಒಬ್ಬ ಯುವಕನಿಗೆ ಮೂಗಿನ ಮೇಲಿನ ಹೊಳಪೇ ಎಲ್ಲಾ, ಹೊಳಪಿಗೆ ಜರ್ಮನ್‌ನಲ್ಲಿ ಗ್ಲಾಂತ್ಸ್, ವಿಚಾರಿಸಿದ್ರೆ ಆ ಹುಡುಗ ಬೆಳೆದಿದ್ದು ಇಂಗ್ಲಿಷ್ ಮಾತಾಡೋ ಮನೇಲಿ, ಅಸಲಿಗೆ ಅದು ನೋಟ ಅನ್ನೋ ಅರ್ಥದ ಗ್ಲಾನ್ಸ್ ಅಂತೆ. ಒಂದು ಭಾಷೆಯಿಂದ ಇನ್ನೊಂದಕ್ಕೆ ಹಾರುವಾಗ ಹುಟ್ಟಿದ ಹುಚ್ಚು. ಈ ಪದದ ಹಣೆಬರಹಕ್ಕೆ ಸರಿಯಾಗೇ ಇದೆ.

ಅತ್ತ ಪ್ಯಾರಿಸ್, ವಿಯೆನ್ನಾದಲ್ಲಿ ಇದೆಲ್ಲ ನಡೀತಿದ್ರೆ ಮೂಲ ಪದ ಬ್ರೆಜಿಲ್‌ನಲ್ಲಿ ಜನರ ಬೆನ್ನ ಮೇಲೆ ಬಾಸುಂಡೆ ಎಬ್ಬಿಸ್ತಾ ಇತ್ತು. ಹದಿನೆಂಟನೇ ಶತಮಾನದಲ್ಲಿ ಮಂಡಿಂಗ ಚೀಲ ಅಂತ ಒಂದಿತ್ತು, ಬಟ್ಟೆ ಅಥವಾ ಚರ್ಮದ ಪುಟ್ಟ ಚೀಲ, ಒಳಗೆ ಕ್ರೈಸ್ತ ಪ್ರಾರ್ಥನೆ ಬರೆದ ಕಾಗದ, ಚರ್ಚಿನ ಬಲಿಪೀಠದ ಕಲ್ಲಿನ ಚೂರು, ಬಂದೂಕಿನ ಮದ್ದಿನ ಪುಡಿ ಹಿಂಗೆ ಏನೇನೋ. ಕಟ್ಕೊಂಡ್ರೆ ಕತ್ತಿ ಗುಂಡು ತಾಗಲ್ಲ ಅನ್ನೋ ನಂಬಿಕೆ. 1730-31ರಲ್ಲಿ ಲಿಸ್ಬನ್ ಇನ್ಕ್ವಿಸಿಷನ್ ಮುಂದೆ ಇಂಥ ಚೀಲ ಮಾಡಿದ್ದಕ್ಕೆ ಜೋಸೆ ಫ್ರಾನ್ಸಿಸ್ಕು ಪೆರೇರ ಅನ್ನೋ ಗುಲಾಮನ ವಿಚಾರಣೆ ನಡೀತು, ಹುಟ್ಟಿದ್ದು ಪಶ್ಚಿಮ ಆಫ್ರಿಕಾ, ಬ್ರೆಜಿಲ್ ಮೇಲೆ ಹಾದು ಲಿಸ್ಬನ್‌ಗೆ ಬಂದವ. ಆಫ್ರಿಕಾದ ತಾಯತದೊಳಗೆ ಯೂರೋಪಿನ ಪ್ರಾರ್ಥನೆ, ಇದ್ರಲ್ಲಿ ಯಾರ ಮೂಢನಂಬಿಕೆ ಎಷ್ಟು ಪರ್ಸೆಂಟು ಅಂತ ಯಾವ ಜಡ್ಜ್ ಹೇಳ್ತಾನೆ?

ಬ್ರೆಜಿಲ್‌ನಲ್ಲಿ ಗುಲಾಮಗಿರಿ 1888ರಲ್ಲಿ ಹೋಯ್ತು, 1889ರಲ್ಲಿ ರಿಪಬ್ಲಿಕ್ ಬಂತು, 1890ರ ಹೊಸ ದಂಡಸಂಹಿತೆಯ 157ನೇ ವಿಧಿ ಮಾತ್ರ ಮಾಟ ಮಂತ್ರ ತಾಯತ ಎಲ್ಲ ಅಪರಾಧ ಅಂತು. ಕಾಗದದ ಮೇಲೆ ಎಲ್ಲರಿಗೂ ಅನ್ವಯ, ಪೊಲೀಸರು ನುಗ್ಗಿದ್ದು ಹೆಚ್ಚಾಗಿ ಕಪ್ಪು ಜನರ ಕಾಂಡೊಂಬ್ಲೆ, ಉಂಬಾಂಡ ಅನ್ನೋ ಆಫ್ರಿಕಾ ಬೇರಿನ ಪಂಥಗಳ ಪೂಜಾಮನೆಗಳಿಗೆ. ಡೋಲು, ಮೂರ್ತಿ, ಮಣಿಸರ ಎಲ್ಲ ಜಪ್ತಿ. ರಿಯೊ ಪೊಲೀಸರ ಹತ್ರ ಸೇರಿದ್ದ ಆ ರಾಶಿಯನ್ನ 1938ರಲ್ಲಿ "ಬ್ಲ್ಯಾಕ್ ಮ್ಯಾಜಿಕ್ ಮ್ಯೂಸಿಯಂ" ಸಂಗ್ರಹ ಅನ್ನೋ ಹೆಸರಲ್ಲಿ ರಾಷ್ಟ್ರೀಯ ಪರಂಪರೆ ಪಟ್ಟಿಗೆ ಬೇರೆ ಸೇರಿಸಿದ್ರು, ಒಂದು ಕಡೆ ಕ್ರೈಮ್ ಪ್ರಾಪರ್ಟಿ, ಇನ್ನೊಂದು ಕಡೆ ದೇಶದ ಆಸ್ತಿ! ವರ್ಷಗಟ್ಲೆ ಪೂಜಾಮನೆಗಳ ಹಿರಿಯ ಹೆಂಗಸರು ಹೋರಾಡಿ 2020ರಲ್ಲಿ ಐನೂರಕ್ಕೂ ಹೆಚ್ಚು ವಸ್ತುಗಳು ಪೊಲೀಸರ ಕೈ ಬಿಟ್ಟು ರಿಯೊದ ರಿಪಬ್ಲಿಕ್ ಮ್ಯೂಸಿಯಂಗೆ ಬಂದ್ವು. ಈಗಿನ ಹೆಸರು "ನೋಸು ಸಗ್ರಾದು", ನಮ್ಮ ಪವಿತ್ರ ವಸ್ತುಗಳು.

ಅದೇ ರಿಯೊದಲ್ಲಿ 1934ರಲ್ಲಿ ನೊಯೆಲ್ ರೋಜ ತನ್ನ ಏರಿಯಾ ವಿಲಾ ಇಜಬೆಲ್ ಬಗ್ಗೆ "ಫೆಯ್ಚೀಸು ದ ವಿಲಾ" ಅನ್ನೋ ಸಾಂಬಾ ಬರೆದ (ಬ್ರೆಜಿಲ್‌ನವರ ಬಾಯಲ್ಲಿ ತೀ ಹೆಚ್ಚಾಗಿ ಚೀ ಆಗುತ್ತೆ). ನಮ್ಮ ಏರಿಯಾದ ಮಾಟಕ್ಕೆ ಫರೋಫ ಬೇಡ, ಮೇಣದಬತ್ತಿ ಬೇಡ, ಚಿಲ್ಲರೆ ಕಾಸು ಬೇಡ ಅಂತ ಅದ್ರಲ್ಲಿ ಹೇಳ್ತಾನೆ. ಫರೋಫ ಅಂದ್ರೆ ಮರಗೆಣಸಿನ ಹಿಟ್ಟು ಹುರಿದಿದ್ದು, ಈ ಮೂರೂ ರಸ್ತೆ ಕೂಡೋ ಕಡೆ ಇಡೋ ನೈವೇದ್ಯದ ಸಾಮಾನು. ಸಾಂಬಾನ ಡೀಸೆಂಟ್ ಮಾಟ ಮಾಡಿಬಿಟ್ಟಿದೀವಿ ಅಂತ ಮುಂದೆ ಹೇಳ್ತಾನೆ. ಹಾಡು ಅದ್ಭುತ, ಆ ಡೀಸೆಂಟ್ ಅನ್ನೋದು ಮಾತ್ರ ಯಾಕೋ ಗಂಟಲಲ್ಲಿ ಸಿಕ್ಕಾಕ್ಕೊಳ್ಳುತ್ತೆ, ಯಾಕಂದ್ರೆ ಡೀಸೆಂಟ್ ಅಲ್ಲದ ಮಾಟದವರ ಮನೆಗೆ ಆಗ ಪೊಲೀಸರು ಹೋಗ್ತಿದ್ರು.

ಕೊನೆಗೆ ಆಗಿದ್ದೇನಂದ್ರೆ ಫ್ರೆಂಚರು ಪಾಲಿಶ್ ಮಾಡಿದ ಫೆಟಿಶ್ ವಾಪಸ್ ಪೋರ್ಚುಗೀಸಿಗೇ ಇಂಪೋರ್ಟ್ ಆಯ್ತು. ಹಂಗಾಗಿ ಇವತ್ತು ಆ ಭಾಷೇಲಿ ಒಂದೇ ಬೇರಿನ ಮೂರು ಪದ ಇವೆ: ಫೆಯ್ತೀಸು ಅಂದ್ರೆ ಮಾಟ, ಮೋಡಿ, ಪುಸ್ತಕದಿಂದ ನೇರ ತಂದ ಫಕ್ಟೀಸಿಯು ಅಂದ್ರೆ ಕೃತಕ, ಫೆಟೀಶ್ ಅಂದ್ರೆ ಮ್ಯೂಸಿಯಮ್ಮಿನ, ಮಾರ್ಕ್ಸಿನ, ಬೆಡ್‌ರೂಮಿನ ಅರ್ಥ. ಗಲೀಷಿಯನ್, ಸ್ಪ್ಯಾನಿಷ್‌ನಲ್ಲೂ ಇದೇ ಕಥೆ. ಬ್ರೆಜಿಲ್‌ನ ಗೆಳೆಯರ ಅಮ್ಮನ ಹತ್ರ ಅವರ ಕೈರುಚಿಗೆ ಮರುಳಾದೆ ಅಂತ ಹೇಳ್ಬೇಕಾದ್ರೆ "ಫೆಯ್ಚೀಸು ಹಾಕಿದೀರ" ಅನ್ನಿ, ನಕ್ಕು ಇನ್ನೊಂದು ಸೌಟು ಬಡಿಸ್ತಾರೆ. ಫೆಚೀಶಿ ಅಂತ ಮಾತ್ರ ಅನ್ಬೇಡಿ.